ಮಳೆ ತೊಳೆದೊಯ್ಯುವ ಸುಣ್ಣ: ಮಲೆನಾಡಿನ ತೋಟಕ್ಕೆ ಬೇಕಾದ ಮೂಟೆ ಯಾವುದು?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಬೆಳೆಗಾರರು ನಾಲ್ಕು ಜನ ಸೇರಿದರೆ ಮಾತು ಈಗ ಎರಡು ವಿಷಯಕ್ಕೆ ಬಂದು ನಿಲ್ಲುತ್ತದೆ. ಒಂದು ಎಲೆಚುಕ್ಕಿ ರೋಗ, ಇನ್ನೊಂದು ಕಾಯಿ ಕೊಳೆತು ಉದುರುವ ಕೊಳೆರೋಗ. ಬೆನ್ನಿಗೇ ಸಲಹೆಗಳೂ ಶುರುವಾಗುತ್ತವೆ. ಪೊಟ್ಯಾಷ್ ಕೊಡಿ, ಬೋರ್ಡೋ ಎಂಬ ತಾಮ್ರ-ಸುಣ್ಣದ ದ್ರಾವಣ ಹೊಡೆಯಿರಿ, ರೋಗ ಬಂದ ಸೋಗೆ ತೆಗೆದು ಸುಡಿ. ಇಷ್ಟರ ನಡುವೆ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: ಮೊದಲು ತೋಟಕ್ಕೆ ಸುಣ್ಣ ಹಾಕಿ.

ಸಲಹೆ ಸರಿಯಾದದ್ದೇ. ಆದರೆ ಯಾವ ಸುಣ್ಣ, ಎಷ್ಟು, ಯಾವಾಗ ಅನ್ನುವುದನ್ನು ಬಿಡಿಸಿ ಹೇಳುವವರು ಕಡಿಮೆ. ಅಂಗಡಿಗೆ ಹೋದರೆ ಬಿಳಿ ಪುಡಿ ತುಂಬಿದ ಮೂಟೆಗಳು ಸಾಲಾಗಿ ಇರುತ್ತವೆ. ಕೆಲವು ಸುಣ್ಣದ ಕಲ್ಲಿನ ಪುಡಿ, ಕೆಲವು ಅರಳಿದ ಸುಣ್ಣ, ಕೆಲವು ಡೋಲೋಮೈಟ್, ಕೆಲವು ಜಿಪ್ಸಂ. ನೋಡಲು ಹೆಚ್ಚುಕಮ್ಮಿ ಒಂದೇ ಥರ. ಮಣ್ಣಿಗೆ ಬಿದ್ದ ಮೇಲೆ ಮಾಡುವ ಕೆಲಸ ಮಾತ್ರ ಬೇರೆ ಬೇರೆ. ಒಂದನ್ನು ಇನ್ನೊಂದು ಅಂದುಕೊಂಡು ಹಾಕಿದರೆ ದುಡ್ಡು ಹೋಗುತ್ತದೆ, ಕೆಲವೊಮ್ಮೆ ಬೆಳೆಯೂ ಹೋಗುತ್ತದೆ. ಹಾಗಾಗಿ ಈ ಬಿಳಿ ಪುಡಿಯ ಗುಣವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಸುಣ್ಣದ ಕಲ್ಲು ಅಂದರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್. ಅಮೃತಶಿಲೆ, ಹವಳ, ಬಸವನಹುಳುವಿನ ಚಿಪ್ಪು, ಮೊಟ್ಟೆಯ ಓಡು, ಸಮುದ್ರದ ಕಪ್ಪೆಚಿಪ್ಪು, ಎಲ್ಲದರಲ್ಲೂ ಇರುವುದು ಮುಖ್ಯವಾಗಿ ಇದೇ. ಇದು ಮೆದು ಕಲ್ಲು, ಚಾಕುವಿನಿಂದ ಗೀರಬಹುದು. ಶುದ್ಧ ನೀರಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಕರಗುತ್ತದೆ, ಲೀಟರಿಗೆ ಸುಮಾರು 15 ಮಿಲಿಗ್ರಾಂ ಅಷ್ಟೇ. ಆದರೆ ಹುಳಿ ತಾಗಿದ ತಕ್ಷಣ ಕಥೆಯೇ ಬೇರೆ. ನಿಂಬೆರಸ ಬಿದ್ದರೆ ಬುಸ್ಸೆಂದು ನೊರೆ ಏಳುತ್ತದೆ. ಹೊರಗೆ ಬರುವ ಗಾಳಿ ಇಂಗಾಲದ ಡೈಆಕ್ಸೈಡ್. ಹುಳಿ ಸಾಯುತ್ತದೆ, ಕ್ಯಾಲ್ಸಿಯಂ ನೀರಿಗೆ ಬಿಡುಗಡೆಯಾಗುತ್ತದೆ. ಹೊಟ್ಟೆ ಉರಿಗೆ ಚೀಪುವ ಹಲವು ಮಾತ್ರೆಗಳು ಕೆಲಸ ಮಾಡುವುದೂ ಇದೇ ರೀತಿ.

ಈ ಗುಣ ಇರುವುದರಿಂದಲೇ ಮಲೆನಾಡಿನ ಮಣ್ಣಿನಲ್ಲಿ ಸುಣ್ಣ ನಿಲ್ಲುವುದಿಲ್ಲ.

ಮಳೆನೀರು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡೇ ಕೆಳಗೆ ಬೀಳುತ್ತದೆ. ಹುಳಿ ಅಳೆಯುವ ಅಂಕಿಗೆ ರಸಸಾರ (pH) ಎನ್ನುತ್ತಾರೆ; 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಜಾಸ್ತಿ. ಮಳೆನೀರಿನ ರಸಸಾರ 5.6ರ ಆಸುಪಾಸು, ಅಂದರೆ ತುಸು ಹುಳಿ. ಮಣ್ಣಿನೊಳಗೆ ಬೇರು ಉಸಿರಾಡುತ್ತಿರುತ್ತದೆ, ದರಗು ಕೊಳೆಯುತ್ತಿರುತ್ತದೆ, ಹಾಗಾಗಿ ಅಲ್ಲಿ ಇಳಿದ ನೀರು ಇನ್ನಷ್ಟು ಹುಳಿಯಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಇಷ್ಟೊಂದು ನೀರು ಸಾವಿರಾರು ವರ್ಷ ಇಳಿದ ಗುಡ್ಡದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲ ತೊಳೆದುಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿಯುತ್ತವೆ. ನಮ್ಮ ಜಂಬಿಟ್ಟಿಗೆ ಮಣ್ಣು ಕೆಂಪಾಗಿರುವುದು ಆ ಕಬ್ಬಿಣದಿಂದಲೇ.

ರಸಸಾರ 5.5ಕ್ಕಿಂತ ಕೆಳಗಿಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಲು ಶುರುವಾಗುತ್ತದೆ. ಕರಗಿದ ಅಲ್ಯೂಮಿನಿಯಂ ಬೇರಿನ ತುದಿಗೆ ವಿಷ. ತುದಿ ಮೊಂಡಾಗುತ್ತದೆ, ಬೇರು ಹರಡುವುದಿಲ್ಲ. ಕೊಟ್ಟ ರಂಜಕವನ್ನು ಇದೇ ಅಲ್ಯೂಮಿನಿಯಂ, ಕಬ್ಬಿಣ ಕಟ್ಟಿಹಾಕಿಕೊಂಡುಬಿಡುತ್ತವೆ. ಗೊಬ್ಬರಕ್ಕೆ ಖರ್ಚು ಮಾಡಿಯೂ ಮರ ಸೊರಗಿದ ಹಾಗೆ ಕಾಣುತ್ತದೆ ಅಂದರೆ, ಎಷ್ಟೋ ಸಲ ಕೊರತೆ ಇರುವುದು ಗೊಬ್ಬರದ್ದಲ್ಲ. ಮಣ್ಣಿನ ಹುಳಿ ಆ ಗೊಬ್ಬರವನ್ನು ಬೇರಿಗೆ ಸಿಗಲು ಬಿಡುತ್ತಿಲ್ಲ. ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ರಸಸಾರದಲ್ಲಿ 6ಕ್ಕೂ 5ಕ್ಕೂ ಒಂದೇ ಅಂಕಿ ವ್ಯತ್ಯಾಸ ಕಂಡರೂ, ಹುಳಿಯಲ್ಲಿ ಅದು ಹತ್ತು ಪಟ್ಟು.

ಬಚ್ಚಲೊಲೆ ಆರಿದ ಮೇಲೆ

ಹಾಗಾದರೆ ಹಿಂದಿನವರು ಇದೇ ಗುಡ್ಡದ ಬುಡದಲ್ಲಿ, ಇದೇ ಮಳೆಯಲ್ಲಿ ತೋಟ ಮಾಡಿದ್ದು ಹೇಗೆ? ಅವರೇನು ಸುಣ್ಣದ ಮೂಟೆ ತರಿಸುತ್ತಿರಲಿಲ್ಲ, ಅಲ್ವಾ?

ಅವರ ತೋಟಕ್ಕೆ ಸುಣ್ಣ ಬೇರೆ ದಾರಿಯಿಂದ ಬರುತ್ತಿತ್ತು. ಬೆಟ್ಟದ ಮರಗಳು ಆಳದ ಮಣ್ಣಿನಿಂದ ಕ್ಯಾಲ್ಸಿಯಂ ಎಳೆದು ಎಲೆಗೆ ತಂದಿಟ್ಟಿರುತ್ತವೆ. ಆ ಸೊಪ್ಪು ಕೊಟ್ಟಿಗೆಗೆ ಬರುತ್ತಿತ್ತು, ಗೊಬ್ಬರವಾಗಿ ತೋಟಕ್ಕೆ ಹೋಗುತ್ತಿತ್ತು. ಇನ್ನೊಂದು ದಾರಿ ಬೂದಿ. ಕಟ್ಟಿಗೆ ಮನೆಯ ಒಲೆಯಲ್ಲಿ ಉರಿದಾಗ ಅದರಲ್ಲಿದ್ದ ಕ್ಯಾಲ್ಸಿಯಂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಯೇ ಬೂದಿಯಲ್ಲಿ ಉಳಿಯುತ್ತದೆ, ಜೊತೆಗೆ ಪೊಟ್ಯಾಷ್ ಕೂಡ. ಬಚ್ಚಲೊಲೆ, ಅಡುಗೆ ಒಲೆ, ಅಡಿಕೆ ಬೇಯಿಸುವ ಒಲೆ, ಎಲ್ಲದರ ಬೂದಿಯೂ ಗೊಬ್ಬರದ ಗುಂಡಿಗೆ ಬೀಳುತ್ತಿತ್ತು. ಯಾರೂ ಅದನ್ನು ಸುಣ್ಣ ಹಾಕಿದ್ದು ಅಂದುಕೊಂಡಿರಲಿಲ್ಲ. ಆದರೆ ಲೆಕ್ಕ ಅದೇ.

ಈಗ ಅಡುಗೆಗೆ ಗ್ಯಾಸ್ ಬಂದಿದೆ, ನೀರು ಕಾಯಿಸಲು ಸೋಲಾರ್ ಬಂದಿದೆ. ಹೊಗೆ ಕುಡಿದು ಕಣ್ಣು ಕೆಡಿಸಿಕೊಂಡಿದ್ದ ಹೆಂಗಸರಿಗೆ ಇದರಿಂದ ಆದ ಅನುಕೂಲ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಕೊಟ್ಟಿಗೆಯಲ್ಲಿ ದನ ಕಡಿಮೆಯಾಗಿವೆ, ಸೊಪ್ಪು ಕಡಿಯಲು ಆಳು ಸಿಗುವುದಿಲ್ಲ. ಇವೆಲ್ಲ ಆಗಬೇಕಾದ, ಆಗಿಯೇ ತೀರುವ ಬದಲಾವಣೆಗಳು. ಆದರೆ ತೋಟಕ್ಕೆ ವಾಪಸು ಬರುತ್ತಿದ್ದ ಸುಣ್ಣ ಅವುಗಳ ಜೊತೆಗೇ ನಿಂತಿತು. ಆ ಜಾಗಕ್ಕೆ ಬಂದದ್ದು ಯೂರಿಯಾ. ಅದು ಸುಣ್ಣ ಕೊಡುವುದಿಲ್ಲ, ಇರುವುದನ್ನೂ ತಿನ್ನುತ್ತದೆ.

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಅನ್ನುವುದು ಎಲ್ಲರಿಗೂ ಗೊತ್ತಿರುವ ಶಿಫಾರಸು. ಆ 100 ಗ್ರಾಂ ಸಾರಜನಕವನ್ನು ಪೂರ್ತಿ ಯೂರಿಯಾದಲ್ಲೇ ಕೊಟ್ಟರೆ ಮರಕ್ಕೆ ಸುಮಾರು 217 ಗ್ರಾಂ ಯೂರಿಯಾ ಬೇಕು. ಮಣ್ಣಿನ ಜೀವಾಣುಗಳು ಅದನ್ನು ನೈಟ್ರೇಟ್ ಮಾಡುವಾಗ ಹುಳಿ ಹುಟ್ಟುತ್ತದೆ. ಒಂದು ಗ್ರಾಂ ಸಾರಜನಕದಿಂದ ಬರುವ ಹುಳಿಯನ್ನು ಕಳೆಯಲು ಸಾಮಾನ್ಯ ಲೆಕ್ಕದಲ್ಲಿ 1.8 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಬೇಕು. ಅಂದರೆ ಮರಕ್ಕೆ ವರ್ಷಕ್ಕೆ 180 ಗ್ರಾಂ. ಗಿಡ ಹೀರಿಕೊಳ್ಳುವ ಮೊದಲೇ ನೈಟ್ರೇಟ್ ಮಳೆಗೆ ಕೊಚ್ಚಿಹೋದರೆ ಈ ಲೆಕ್ಕ ಸುಮಾರು ಎರಡು ಪಟ್ಟಾಗುತ್ತದೆ. ಮಲೆನಾಡಿನಲ್ಲಿ ಅಂಥದ್ದು ಅಪರೂಪವಲ್ಲ.

ಈಗ ಇದನ್ನು ಸುಣ್ಣದ ಶಿಫಾರಸಿನ ಪಕ್ಕ ಇಡಿ. ಹುಳಿ ಮಣ್ಣಿನ ತೋಟಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕೆಜಿ ಸುಣ್ಣ ಹಾಕಬೇಕು ಅನ್ನುವುದು ಸಾಮಾನ್ಯವಾಗಿ ಕೇಳಿಬರುವ ಮಾತು. ಮೂರು ವರ್ಷದ ಯೂರಿಯಾ ತಿನ್ನುವುದೇ 540 ಗ್ರಾಂ! ಅಂದರೆ ಅರ್ಧ ಕೆಜಿ ಸುಣ್ಣ ಯೂರಿಯಾದ ಸಾಲ ತೀರಿಸಲು ಸರಿಹೋಯಿತು. ಮಳೆ ತೊಳೆದದ್ದಕ್ಕೆ, ಫಸಲಿನ ಜೊತೆ ಹೊರಹೋದದ್ದಕ್ಕೆ, ಮೊದಲೇ ಇದ್ದ ಹುಳಿಗೆ ಏನೂ ಉಳಿಯಲಿಲ್ಲ. 9 ಅಡಿ ಅಂತರದ ಒಂದು ಎಕರೆ ತೋಟದಲ್ಲಿ ಸುಮಾರು 550 ಮರ ಹಿಡಿದರೆ, ಯೂರಿಯಾ ಒಂದಕ್ಕೇ ವರ್ಷಕ್ಕೆ 100 ಕೆಜಿ ಸುಣ್ಣದ ಕಲ್ಲಿನ ಪುಡಿ ಬೇಕು. ಕೊಟ್ಟಿಗೆ ಗೊಬ್ಬರ, ಸೊಪ್ಪು ಚೆನ್ನಾಗಿ ಕೊಟ್ಟು ಯೂರಿಯಾ ಕಡಿಮೆ ಮಾಡಿದವರಿಗೆ ಈ ಹೊರೆಯೂ ಕಡಿಮೆ. ಅಮೋನಿಯಂ ಸಲ್ಫೇಟ್ ಬಳಸುವವರಿಗೆ ಜಾಸ್ತಿ.

'ಪ್ರತಿ ಸಲ ಸುಣ್ಣ ಹಾಕ್ತೀವಿ, ಆದ್ರೂ ಮಣ್ಣು ಹುಳಿನೇ' ಎಂಬ ಮಾತು ತೋಟಗಳಲ್ಲಿ ಕೇಳುತ್ತಿರುತ್ತದೆ. ನನ್ನ ಪ್ರಕಾರ ಅದಕ್ಕೆ ದೊಡ್ಡ ಕಾರಣ ಈ ಲೆಕ್ಕದಲ್ಲೇ ಇದೆ.

ಕಲ್ಲು, ಸುಟ್ಟದ್ದು, ಅರಳಿದ್ದು

ಸುಣ್ಣದ ಕಲ್ಲನ್ನು ಗೂಡಿನಲ್ಲಿಟ್ಟು 900 ಡಿಗ್ರಿಯಷ್ಟು ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. 100 ಕೆಜಿ ಕಲ್ಲಿನಿಂದ 56 ಕೆಜಿ ಸುಟ್ಟ ಸುಣ್ಣ ಉಳಿಯುತ್ತದೆ. ಕರಾವಳಿಯಲ್ಲಿ ಇದನ್ನೇ ಚಿಪ್ಪಿನಿಂದ ಮಾಡುತ್ತಾರೆ. ಅದಕ್ಕೆ ನೀರು ಹಾಕಿದರೆ ಕುದಿಯುವಷ್ಟು ಬಿಸಿಯಾಗಿ, ಬಿರಿದು, 74 ಕೆಜಿ ಅರಳಿದ ಸುಣ್ಣ ಆಗುತ್ತದೆ. ಎಲೆಅಡಿಕೆಗೆ ಹಚ್ಚುವುದು, ಗೋಡೆಗೆ ಬಳಿಯುವುದು ಈ ಅರಳಿದ ಸುಣ್ಣವನ್ನು. ಗೋಡೆಯ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಕಲ್ಲಾಗಿ ಹೊರಟದ್ದು ಸುತ್ತಿ ಬಂದು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟೇ ಆಗುತ್ತದೆ. ಹಳೆಯ ಮನೆಗಳ ಗಾರೆ ವರ್ಷ ಕಳೆದಷ್ಟೂ ಗಟ್ಟಿಯಾಗುವುದು ಇದರಿಂದ.

ಮಣ್ಣಿನ ಹುಳಿ ಕಳೆಯುವ ಶಕ್ತಿಯಲ್ಲಿ 100 ಕೆಜಿ ಶುದ್ಧ ಕಲ್ಲಿನ ಪುಡಿ, 74 ಕೆಜಿ ಅರಳಿದ ಸುಣ್ಣ, 56 ಕೆಜಿ ಸುಟ್ಟ ಸುಣ್ಣ, ಮೂರೂ ಸಮ. ಹಾಗಂತ ತೂಕ ಕಡಿಮೆ ಸಾಕು ಎಂದು ಸುಟ್ಟದ್ದನ್ನೋ ಅರಳಿದ್ದನ್ನೋ ತರುವುದು ಜಾಣತನವಲ್ಲ. ಅರಳಿದ ಸುಣ್ಣ ನೀರಿನಲ್ಲಿ ಕದಡಿದಾಗ ರಸಸಾರ 12ನ್ನೂ ದಾಟುತ್ತದೆ. ಬುಡದಲ್ಲಿ ಒಂದೇ ಕಡೆ ಸುರಿದರೆ ಮೇಲುಬೇರು ಸುಡುತ್ತದೆ, ಎರೆಹುಳು ಸಾಯುತ್ತದೆ. ಕಲ್ಲಿನ ಪುಡಿ ಹಾಗಲ್ಲ. ಮಣ್ಣಿನಲ್ಲಿ ಹುಳಿ ಇದ್ದಷ್ಟೇ ಅದು ಕರಗುತ್ತದೆ. ಹುಳಿ ಕಡಿಮೆಯಾದಂತೆ ಕರಗುವುದೂ ನಿಧಾನವಾಗುತ್ತದೆ. ರಸಸಾರ 8.3ರ ಆಚೆಗೆ ಅದು ಏರಿಸಲಾರದು. ತೋಟದ ಮಣ್ಣಿಗೆ ಇದರಷ್ಟು ಸೌಮ್ಯವಾದದ್ದು ಬೇರೆ ಇಲ್ಲ ಎಂದೇ ನನ್ನ ಅಭಿಪ್ರಾಯ.

ಆದರೆ ಪುಡಿ ನುಣ್ಣಗಿರಬೇಕು. ಕಾಲು ಮಿಲಿಮೀಟರಿಗಿಂತ ಸಣ್ಣ ಕಣ ಒಂದೆರಡು ವರ್ಷದೊಳಗೆ ಕೆಲಸ ಮುಗಿಸುತ್ತದೆ. ಎರಡು ಮಿಲಿಮೀಟರ್ ಮೀರಿದ ಹರಳು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಮೂಟೆಗೆ ಕೈ ಹಾಕಿ ಬೆರಳಲ್ಲಿ ಉಜ್ಜಿ ನೋಡಿ. ರವೆಯ ಹಾಗೆ ತರಿತರಿ ಸಿಕ್ಕಿದರೆ ಅರ್ಧ ದುಡ್ಡು ನೀರಿಗೆ ಹೋದಂತೆ.

ಡೋಲೋಮೈಟ್‌ನಲ್ಲಿ ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕೂಡ ಇರುತ್ತದೆ. ತೊಳೆದುಹೋದ ಮಣ್ಣಿಗೆ ಎರಡೂ ಬೇಕು. ಹಾಗಾಗಿ ಮಣ್ಣಿನ ವರದಿಯಲ್ಲಿ ಮೆಗ್ನೀಸಿಯಂ ಕಡಿಮೆ ಬಂದಿದ್ದರೆ ಡೋಲೋಮೈಟೇ ಒಳ್ಳೆಯದು, ಕರಗುವುದು ಮಾತ್ರ ಇನ್ನೂ ನಿಧಾನ. ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತದೆ, ಗಂಧಕ ಕೊಡುತ್ತದೆ, ಆದರೆ ಹುಳಿ ಕಳೆಯುವುದಿಲ್ಲ. 'ಇದೂ ಕ್ಯಾಲ್ಸಿಯಮ್ಮೇ' ಎಂದು ಯಾರಾದರೂ ಸುಣ್ಣದ ಬದಲು ಜಿಪ್ಸಂ ಕೊಟ್ಟರೆ ತೆಗೆದುಕೊಳ್ಳಬೇಡಿ.

ಮನೆಯಲ್ಲೇ ಗುರುತು ಹಿಡಿಯಲು ಒಂದು ಸುಲಭ ದಾರಿ ಇದೆ. ಗಾಜಿನ ಲೋಟದಲ್ಲಿ ಒಂದು ಚಮಚ ಪುಡಿ ಹಾಕಿ, ಮೇಲೆ ನಿಂಬೆರಸ ಅಥವಾ ವಿನೆಗರ್ ಬಿಡಿ. ಜೋರಾಗಿ ನೊರೆ ಎದ್ದರೆ ಅದು ಕಲ್ಲಿನ ಪುಡಿ. ಮೆಲ್ಲಗೆ, ತಡವಾಗಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಡೋಲೋಮೈಟ್ ಇರಬಹುದು. ನೊರೆಯೇ ಇಲ್ಲದಿದ್ದರೆ ಅರಳಿದ ಸುಣ್ಣ ಅಥವಾ ಜಿಪ್ಸಂ. ಈ ಎರಡರಲ್ಲಿ ಯಾವುದು ಎಂದು ತಿಳಿಯಲು ಇನ್ನೊಂದು ಲೋಟದಲ್ಲಿ ಪುಡಿಯನ್ನು ಬರೀ ನೀರಿನಲ್ಲಿ ಕದಡಿ ಚಿಟಿಕೆ ಅರಿಶಿನ ಹಾಕಿ. ಕೆಂಪಾದರೆ ಅರಳಿದ ಸುಣ್ಣ, ಹಳದಿಯಾಗಿಯೇ ಉಳಿದರೆ ಜಿಪ್ಸಂ.

ಬೋರ್ಡೋಗೆ ಹಳೆ ಸುಣ್ಣ ಬೇಡ

ಮಣ್ಣಿಗೆ ಒಳ್ಳೆಯದಾದ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್ ಬೋರ್ಡೋ ದ್ರಾವಣಕ್ಕೆ ಆಗಿಬರುವುದಿಲ್ಲ. ಮಳೆಗಾಲದ ಹೊಸ್ತಿಲಲ್ಲಿ ಎಷ್ಟೋ ತೋಟಗಳಲ್ಲಿ ಎಡವಟ್ಟಾಗುವುದು ಇಲ್ಲೇ.

ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ದ್ರಾಕ್ಷಿ ರೋಗಕ್ಕೆ ಈ ಮದ್ದನ್ನು 1885ರಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮ ಅಡಿಕೆಗೆ ಅದನ್ನು ತಂದವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1910ರ ಸುಮಾರಿಗೆ ಅವರು ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ, ಮಳೆ ಹಿಡಿಯುವ ಮೊದಲೇ ಗೊನೆಗೆ ಬೋರ್ಡೋ ಹೊಡೆಯಬೇಕು ಎಂದು ತೋರಿಸಿಕೊಟ್ಟರು. ನೂರು ವರ್ಷದ ಮೇಲಾದರೂ ಇವತ್ತಿಗೂ ಕೊನೆಗಾರರು ಮರ ಹತ್ತಿ ಹೊಡೆಯುವುದು ಅದನ್ನೇ.

ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಕರಗಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಸುಣ್ಣವನ್ನು ಬೇರೆ ಡ್ರಮ್ಮಿನಲ್ಲಿ 50 ಲೀಟರಿಗೆ ಕದಡಿ ಸೋಸಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಬಿಡುತ್ತಾ ಕೋಲಿನಿಂದ ತಿರುಗಿಸುತ್ತಲೇ ಇರಬೇಕು. ಇದನ್ನು ತಿರುಗಾಮುರುಗಾ ಮಾಡಬಾರದು. ಸರಿಯಾಗಿ ಕೂಡಿದರೆ ಆಕಾಶನೀಲಿ ಬಣ್ಣದ, ನುಣ್ಣನೆಯ ದ್ರಾವಣ ಬರುತ್ತದೆ. ಉಜ್ಜಿ ಹೊಳಪಿಸಿದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ದ್ರಾವಣದಲ್ಲಿ ಇನ್ನೂ ಹುಳಿ ಇದೆ, ಮೈಲುತುತ್ತ ಬಿಡಿಯಾಗಿ ಉಳಿದಿದೆ ಎಂದು ಅರ್ಥ. ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ. ಸುಣ್ಣದ ನೀರು ಸೇರಿಸಿ, ಚಾಕು ಒರೆಸಿ, ಮತ್ತೆ ಅದ್ದಿ ನೋಡಬೇಕು.

ರಸಾಯನದ ಲೆಕ್ಕದಲ್ಲಿ 1 ಕೆಜಿ ಮೈಲುತುತ್ತಕ್ಕೆ 300 ಗ್ರಾಂ ಒಳ್ಳೆಯ ಅರಳಿದ ಸುಣ್ಣ ಸಾಕು. ಹಾಗಿದ್ದೂ ಕೆಲವು ಸಲ ಕೆಜಿಗಟ್ಟಲೆ ಸುಣ್ಣ ಹಾಕಿದರೂ ಚಾಕು ಕೆಂಪಾಗುತ್ತಲೇ ಇರುತ್ತದೆ. ಯಾಕೆ? ಹಿಂದಿನ ವರ್ಷದ ಸುಣ್ಣ ಬಾಯಿ ತೆರೆದ ಚೀಲದಲ್ಲಿ, ಥಂಡಿ ಗಾಳಿಯಲ್ಲಿ ಕೂತು, ಗೋಡೆಯ ಮೇಲೆ ಆಗುವ ಹಾಗೆಯೇ ಕಾರ್ಬೊನೇಟ್ ಆಗಿಬಿಟ್ಟಿರುತ್ತದೆ. ಬಣ್ಣ ಅದೇ, ತೂಕ ಇನ್ನೂ ಜಾಸ್ತಿ, ಆದರೆ ಡ್ರಮ್ಮಿನಲ್ಲಿ ತಟ್ಟನೆ ಕೆಲಸ ಮಾಡುವ ಶಕ್ತಿ ಹೋಗಿದೆ. ಹಾಗಾಗಿ ಬೋರ್ಡೋ ಕಲಸುವ ಮೊದಲೂ ನಿಂಬೆರಸದ ಪರೀಕ್ಷೆ ಮಾಡಿ. ಜೋರು ನೊರೆ ಬಂದರೆ ಆ ಚೀಲವನ್ನು ತೋಟದ ಮಣ್ಣಿಗೆ ಬಿಡಿ, ದ್ರಾವಣಕ್ಕೆ ಹೊಸದು ತನ್ನಿ. ನೊರೆ ಬರದೆ, ಅರಿಶಿನವೂ ಕೆಂಪಾದರೆ ದ್ರಾವಣಕ್ಕೆ ಯೋಗ್ಯ.

ಸುಟ್ಟ ಸುಣ್ಣ, ಅರಳಿದ ಸುಣ್ಣ ಎರಡೂ ಕಣ್ಣಿಗೆ ಬಹಳ ಅಪಾಯ. ಔಷಧಿ ಕಲಸುವವರಿಗೆ ಕನ್ನಡಕ ಕೊಡಲೇಬೇಕು. ಕಣ್ಣಿಗೆ ಸಿಡಿದರೆ ಆ ಕ್ಷಣದಿಂದಲೇ ಶುದ್ಧ ನೀರು ಬಿಡುತ್ತಾ ಅರ್ಧ ಗಂಟೆಯಾದರೂ ತೊಳೆಯಬೇಕು, ಆಮೇಲೆ ನೇರ ಆಸ್ಪತ್ರೆಗೆ. ನಿಂಬೆಹುಳಿ, ವಿನೆಗರ್ ಅಂತ ಏನನ್ನೂ ಕಣ್ಣಿಗೆ ಹಾಕಬಾರದು.

ಒಂದೇ ಜಿಲ್ಲೆ, ಎರಡು ನೀರು

ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕಬೇಡಿ ಎಂದು ಹೇಳುವುದಕ್ಕೆ ಶಿವಮೊಗ್ಗ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹೊಸನಗರ, ತೀರ್ಥಹಳ್ಳಿಯ ಹಳ್ಳದ ನೀರು ಮೆದು. ಅದರಲ್ಲಿ ಸೋಪು ಹಚ್ಚಿದರೆ ನೊರೆ ತಾನಾಗಿ ಬರುತ್ತದೆ. ಭದ್ರಾವತಿ, ಶಿಕಾರಿಪುರದ ಬಯಲಿನ ಕಡೆ, ಪಕ್ಕದ ಚನ್ನಗಿರಿಯ ಕಡೆ ಹೋದರೆ ಕೊಳವೆಬಾವಿಗಳಲ್ಲಿ ಗಡಸು ನೀರು ಸಿಗುತ್ತದೆ. ಗೀಸರಿನ ಕಾಯಿಲಿಗೆ ಬಿಳಿ ಹೊಪ್ಪಳೆ ಕಟ್ಟುತ್ತದೆ, ಡ್ರಿಪ್ಪಿನ ಬಾಯಿ ಮುಚ್ಚಿಹೋಗುತ್ತದೆ. ಆ ಹೊಪ್ಪಳೆ ಬೇರೆ ಏನೂ ಅಲ್ಲ, ನಾವು ಇಷ್ಟು ಹೊತ್ತು ಮಾತಾಡುತ್ತಿರುವ ಕ್ಯಾಲ್ಸಿಯಂ ಕಾರ್ಬೊನೇಟೇ. ನೀರಿನ ಗಡಸುತನವನ್ನು ಲ್ಯಾಬಿನವರು ಅಳೆಯುವುದೂ ಅದರ ಲೆಕ್ಕದಲ್ಲೇ. ಕುಡಿಯುವ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ.

ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 300 ಮಿಲಿಗ್ರಾಂ ಸುಣ್ಣದಂಶ ಕರಗಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ 20 ಲೀಟರಿನ ಹಾಗೆ ಬೇಸಿಗೆಯ 150 ದಿನ ಕೊಟ್ಟರೆ ಮರಕ್ಕೆ 3000 ಲೀಟರ್ ನೀರು. ಅದರ ಜೊತೆ ಹೋದ ಸುಣ್ಣ 900 ಗ್ರಾಂ. ಶಿಫಾರಸಿನ ಅರ್ಧ ಕೆಜಿಯ ಹತ್ತಿರ ಹತ್ತಿರ ಎರಡು ಪಟ್ಟನ್ನು ನೀರೇ ಪ್ರತಿ ವರ್ಷ ಕೊಡುತ್ತಿದೆ! ಅಂಥ ತೋಟಕ್ಕೆ ಆಗುಂಬೆ ಬುಡದ ನೆಂಟರ ಮಾತು ಕೇಳಿ ಸುಣ್ಣ ಸುರಿದರೆ ಕೆಡುವುದೇ ಜಾಸ್ತಿ. ರಸಸಾರ ಮೇಲೇರಿದ ಮಣ್ಣಿನಲ್ಲಿ ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್ ಗಿಡಕ್ಕೆ ಸಿಗುವುದು ಕಷ್ಟ. ಮಲೆನಾಡಿನ ಮಣ್ಣಿನಲ್ಲೇ ಬೋರಾನ್ ಕೊರತೆ ಮೊದಲಿಂದ ಇದೆ. ಅದರ ಮೇಲೆ ಸುಣ್ಣವೂ ಜಾಸ್ತಿಯಾದರೆ ಕಾಯಿ ಸೀಳುವುದು, ಸುಳಿ ಮುದುಡುವುದು ಇನ್ನಷ್ಟು ಹೆಚ್ಚುತ್ತದೆ. ರಸಸಾರ 6.5 ದಾಟಿದ ಮಣ್ಣಿಗೆ ಸುಣ್ಣದ ಹಂಗೇ ಬೇಡ.

ಭತ್ತದ ಗದ್ದೆಯ ಲೆಕ್ಕ ಬೇರೆ. ನೀರು ನಿಂತ ಕೆಲವು ವಾರದಲ್ಲಿ ಹುಳಿ ಮಣ್ಣಿನ ರಸಸಾರ ತಾನಾಗಿಯೇ 6.5, 7ರ ಕಡೆಗೆ ಏರುತ್ತದೆ. ಸುಣ್ಣಕ್ಕೆ ಇರುವ ದುಡ್ಡು ಸ್ವಲ್ಪವೇ ಆದರೆ ಅದನ್ನು ಮೊದಲು ತೋಟಕ್ಕೋ ಶುಂಠಿ ಹಾಕುವ, ನೀರು ನಿಲ್ಲದ ಮಕ್ಕಿಗದ್ದೆಗೋ ಇಡುವುದು ಮೇಲು.

ಮೊಟ್ಟೆ ಓಡಿನ ಬಗ್ಗೆ ಒಂದು ಮಾತು. ಮೊಬೈಲಿನಲ್ಲಿ ಓಡು ಪುಡಿ ಮಾಡಿ ಗಿಡಕ್ಕೆ ಹಾಕಿ ಎನ್ನುವ ವೀಡಿಯೊಗಳು ಬೇಕಾದಷ್ಟು ಬರುತ್ತವೆ. ಓಡಿನಲ್ಲಿ ಶೇಕಡಾ 95ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಇರುವುದು ನಿಜ. ಆದರೆ ಒಂದು ಓಡಿನ ತೂಕ ಐದಾರು ಗ್ರಾಂ. ಒಂದು ಅಡಿಕೆ ಮರಕ್ಕೆ ಅರ್ಧ ಕೆಜಿ ಆಗಬೇಕಾದರೆ 90 ಮೊಟ್ಟೆ ಬೇಕು. ಅಂಗಳದ ಗುಲಾಬಿ ಕುಂಡಕ್ಕೆ ಸರಿ. ಇಲ್ಲದಿದ್ದರೆ ಓಡನ್ನು ಹುರಿದು ಪುಡಿ ಮಾಡಿ ಮನೆಯ ಕೋಳಿಗೇ ಹಾಕಿ, ಮೊಟ್ಟೆಯ ಓಡು ಗಟ್ಟಿಯಾಗುತ್ತದೆ.

ಉಳಿದ ಬಳಕೆಗಳು ನಮ್ಮ ಕಣ್ಣೆದುರೇ ಇವೆ. ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜುವ ಪುಡಿ, ಗೋಡೆಯ ಡಿಸ್ಟೆಂಪರ್, ಪಿವಿಸಿ ಪೈಪಿನೊಳಗಿನ ತುಂಬುಪುಡಿ, ಕಾಗದದ ಬಿಳುಪು. ಭದ್ರಾವತಿಯ ಉಕ್ಕಿನ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದಾಗಲೂ ಅದಿರಿನ ಕಲ್ಮಶವನ್ನು ಹಿಡಿದು ಕಿಟ್ಟವಾಗಿ ಹೊರತೆಗೆಯಲು ಬೇಕಾದದ್ದು ಸುಣ್ಣದ ಕಲ್ಲೇ. ಶಾಲೆಯ ಸೀಮೆಸುಣ್ಣ ಮಾತ್ರ ನಮ್ಮಲ್ಲಿ ಹೆಚ್ಚಾಗಿ ಜಿಪ್ಸಮ್ಮಿನಿಂದ ಮಾಡಿದ್ದು.

ಮಾತ್ರೆಯ ವಿಷಯ ಮಾತ್ರ ಬಿಡುವಂತಿಲ್ಲ. ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. 1250 ಮಿಲಿಗ್ರಾಂ ಪುಡಿಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕರಗಲು ಹೊಟ್ಟೆಯ ಹುಳಿ ಬೇಕು, ಹಾಗಾಗಿ ಊಟದ ಜೊತೆ ತೆಗೆದುಕೊಳ್ಳಬೇಕು. ಕಬ್ಬಿಣದ ಮಾತ್ರೆಯ ಜೊತೆಗೇ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡನ್ನೂ ಬೇರೆ ಬೇರೆ ಹೊತ್ತಿಗೆ ತೆಗೆದುಕೊಳ್ಳಿ ಎಂದು ಆಶಾ ಕಾರ್ಯಕರ್ತೆಯರು ಹೇಳುವುದು ಸುಮ್ನೆ ಅಲ್ಲ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ನಾಲ್ಕು ತಾಸು ಅಂತರ ಇಡಬೇಕು.

ವರದಿಯಲ್ಲಿ ಕೇಳಬೇಕಾದದ್ದು

ಮತ್ತೆ ತೋಟಕ್ಕೆ ಬರೋಣ. ಮಣ್ಣು ಆರೋಗ್ಯ ಚೀಟಿ ಯೋಜನೆ 2015ರಿಂದ ಇದೆ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ. ಆದರೂ ರಸಸಾರದ ಅಂಕಿ ಒಂದನ್ನೇ ನೋಡಿ ಮೂಟೆ ಲೆಕ್ಕ ಹಾಕುವ ರೂಢಿ ಹೋಗಿಲ್ಲ. ಒಂದೇ ರಸಸಾರ ಇರುವ ಎರಡು ಮಣ್ಣಿನಲ್ಲಿ ಮರಳು ಜಾಸ್ತಿ ಇರುವುದಕ್ಕೆ ಕಡಿಮೆ ಸುಣ್ಣ ಸಾಕು. ಜೇಡಿ ಮತ್ತು ಸಾವಯವ ಅಂಶ ಜಾಸ್ತಿ ಇರುವುದಕ್ಕೆ ಅದರ ಎರಡು ಮೂರು ಪಟ್ಟು ಬೇಕಾಗಬಹುದು. ಆದ್ದರಿಂದ ಲ್ಯಾಬಿನಲ್ಲಿ 'ಸುಣ್ಣದ ಅಗತ್ಯ ಎಷ್ಟು' ಎಂದು ಬೇರೆಯಾಗಿ ಕೇಳಿ ಬರೆಸಿಕೊಳ್ಳಬೇಕು. ಅದಕ್ಕೇ ಬೇರೆ ಪರೀಕ್ಷೆ ಇದೆ.

ಸುಣ್ಣ ಮಾರುವ ಮೂಟೆಯ ಮೇಲೆ ಎರಡು ಅಂಕಿ ಅಚ್ಚಾಗಿರಬೇಕು ಎಂದು ನಾವೆಲ್ಲ ಪಟ್ಟು ಹಿಡಿಯಬೇಕು. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟನ್ನು 100 ಎಂದಿಟ್ಟುಕೊಂಡರೆ ಈ ಪುಡಿಯ ಹುಳಿ ಕಳೆಯುವ ಶಕ್ತಿ ಎಷ್ಟು ಎನ್ನುವುದು ಒಂದು. ಪುಡಿ ಎಷ್ಟು ನುಣ್ಣಗಿದೆ ಎನ್ನುವುದು ಇನ್ನೊಂದು. ಮಣ್ಣು ಕಲಬೆರಕೆಯಾದ ಕಲ್ಲಿನ ಪುಡಿಯ ಶಕ್ತಿ 70ಕ್ಕೆ ಇಳಿದಿದ್ದರೆ 100 ಕೆಜಿಯ ಕೆಲಸಕ್ಕೆ 143 ಕೆಜಿ ಬೇಕು. ಅಗ್ಗದ ಮೂಟೆ ಆಗ ಅಗ್ಗವಾಗಿ ಉಳಿಯುವುದಿಲ್ಲ. ಮ್ಯಾಮ್ಕೋಸ್‌ನಂಥ ಬೆಳೆಗಾರರದೇ ಸಹಕಾರಿ ಸಂಸ್ಥೆಗಳು, ಊರೂರಿನ ಸೊಸೈಟಿಗಳು ಲೋಡುಗಟ್ಟಲೆ ತರಿಸುವ ಮೊದಲು ಒಂದು ಮಾದರಿಯನ್ನು ಪರೀಕ್ಷೆಗೆ ಕಳಿಸಿದರೆ ನೂರಾರು ಮನೆಗಳ ದುಡ್ಡು ಉಳಿಯುತ್ತದೆ. ಒಬ್ಬೊಬ್ಬ ರೈತರೇ ಮಾಡುವ ಕೆಲಸ ಅಲ್ಲ ಇದು.

ಹಾಕುವ ಹೊತ್ತೂ ಮುಖ್ಯ. ಮುಂಗಾರಿಗೆ ಮೊದಲು ಬರುವ ಗುಡುಗು ಮಳೆಯಲ್ಲಿ ಮಣ್ಣು ಒದ್ದೆಯಾದ ಮೇಲೆ, ಅಥವಾ ಜೋರು ಮಳೆ ಕಳೆದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಾಕಬಹುದು. ಜುಲೈ ಮಳೆಯಲ್ಲಿ ಇಳಿಜಾರಿನ ತೋಟಕ್ಕೆ ಎರಚಿದರೆ ಪುಡಿ ಬಸಿಗಾಲುವೆ ಸೇರುತ್ತದೆ. ಮರದ ಸುತ್ತ ಅಗಲವಾಗಿ ಹರಡಿ, ಮೇಲುಮಣ್ಣಿಗೆ ಹಗುರವಾಗಿ ಬೆರೆಸಬೇಕು. ಕಲ್ಲಿನ ಪುಡಿ ಹರಿದು ಆಳಕ್ಕೆ ಇಳಿಯುವಂಥದ್ದಲ್ಲ, ಬಿದ್ದ ಕಡೆಯೇ ಕೆಲಸ ಮಾಡುವಂಥದ್ದು. ಯೂರಿಯಾ, ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಅದರಲ್ಲೂ ಅರಳಿದ ಸುಣ್ಣದ ಜೊತೆ. ಎರಡರ ನಡುವೆ ಎರಡು ಮೂರು ವಾರ ಬಿಡಿ. ಒಂದು ವರ್ಷ ಕಳೆದ ಮೇಲೆ, ಅದೇ ತಿಂಗಳಲ್ಲಿ, ಅದೇ ಸಾಲಿನ ಮರಗಳ ಬುಡದಿಂದ ಮಣ್ಣು ತೆಗೆದು ಮತ್ತೊಮ್ಮೆ ಪರೀಕ್ಷೆಗೆ ಕೊಡಿ. ಮುಂದಿನ ಸಲಕ್ಕೆ ಎಷ್ಟು ಬೇಕು, ಅಥವಾ ಬೇಡವೇ ಬೇಡ ಎನ್ನುವುದು ಆ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟಾಗ ಗೊತ್ತಾಗುತ್ತದೆ.